ಓದುಗರ ಪ್ರಶ್ನೆ: ಒಂದು ನಾಣ್ಯಕ್ಕೆ ಎಷ್ಟು ಹೊತ್ತಿನ ಆಟ?

ಟೋಕಿಯೊ ನಗರದ ವಿಡಿಯೋ ಗೇಮ್ ಕೇಂದ್ರಗಳು ಒಂದೊಂದಾಗಿ ಬಾಗಿಲು ಹಾಕುತ್ತಿರುವುದನ್ನು ಕುರಿತು ಹಿಂದಿನ ಸಂಚಿಕೆಯಲ್ಲಿ ನಾನೊಂದು ಚಿಕ್ಕ ಟಿಪ್ಪಣಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಟೋಕಿಯೊ ಬಗ್ಗೆ ಇರಲಿಲ್ಲ. ತಮ್ಮೂರಿನ ಬಸ್ ನಿಲ್ದಾಣದ ಪಕ್ಕದಲ್ಲೋ, ಟಾಕೀಸಿನ ಎದುರಿನ ಓಣಿಯಲ್ಲೋ ಒಂದು ಕಾಲಕ್ಕೆ ಇದ್ದ ವಿಡಿಯೋ ಗೇಮ್ ಅಂಗಡಿಯ ಬಗ್ಗೆ ಇದ್ದವು. ಹಾಗಾಗಿ ಈ ಬಾರಿಯ ಅಂಕಣವನ್ನು ಈ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಊರಿನಲ್ಲಿ ಮೂರು ವಿಡಿಯೋ ಗೇಮ್ ಅಂಗಡಿಗಳಿದ್ದವು. ಕಾಲೇಜು ಮುಗಿಸಿ ಬರುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ಅಷ್ಟು ಜನ ಸೇರುತ್ತಿದ್ದ ಜಾಗಗಳು ಅಷ್ಟು ಬೇಗ ಹೇಗೆ ಮಾಯವಾದವು? — ಓದುಗರು, ಶಿವಮೊಗ್ಗ

ಉತ್ತರ: ವಿಡಿಯೋ ಗೇಮ್ ಅಂಗಡಿಯ ಬದುಕು ನಿಂತಿದ್ದದ್ದು ಒಂದೇ ಒಂದು ಲೆಕ್ಕದ ಮೇಲೆ: ಒಂದು ನಾಣ್ಯಕ್ಕೆ ಎಷ್ಟು ನಿಮಿಷದ ಆಟ. 1972ರಲ್ಲಿ ಅಮೆರಿಕದ ಅಟಾರಿ ಕಂಪನಿಯವರು ತಮ್ಮ ಮೊದಲ ಯಂತ್ರವಾದ ಪಾಂಗ್ ಅನ್ನು ಕ್ಯಾಲಿಫೋರ್ನಿಯಾದ ಸನಿವೇಲ್ ಊರಿನ ಒಂದು ಮದ್ಯದಂಗಡಿಯಲ್ಲಿ ಪರೀಕ್ಷೆಗೆಂದು ಇಟ್ಟಿದ್ದರು. ಕೆಲವು ದಿನಗಳಲ್ಲೇ ಯಂತ್ರ ಕೆಟ್ಟಿದೆ ಎಂಬ ದೂರು ಬಂತು. ಅದನ್ನು ರೂಪಿಸಿದ್ದ ಎಂಜಿನಿಯರ್ ಅಲನ್ ಆಲ್ಕಾರ್ನ್ ಹೋಗಿ ತೆರೆದು ನೋಡಿದರೆ ಒಳಗೆ ಕೆಟ್ಟದ್ದು ಏನೂ ಇರಲಿಲ್ಲ. ನಾಣ್ಯ ಬೀಳುವ ಡಬ್ಬಿ ತುಂಬಿ ಉಕ್ಕಿತ್ತು, ಅಷ್ಟೆ. ಆ ದಿನದಿಂದ ಮುಂದೆ ಈ ಉದ್ಯಮ ಮಾಡಿದ್ದೆಲ್ಲವೂ ಆ ಡಬ್ಬಿಯನ್ನು ತುಂಬಿಸುವ ಕೆಲಸವೇ. ಹೊಸಬನಾದರೆ ಎರಡು ಮೂರು ನಿಮಿಷಗಳಲ್ಲಿ ಸೋಲಬೇಕು, ಆದರೆ ಸೋತದ್ದು ತನ್ನ ತಪ್ಪಿನಿಂದಲೇ ಹೊರತು ಯಂತ್ರದ ಮೋಸದಿಂದಲ್ಲ ಎಂದು ಅವನಿಗೆ ಅನ್ನಿಸಬೇಕು, ಮತ್ತೊಂದು ನಾಣ್ಯಕ್ಕೆ ಅವನ ಕೈ ಜೇಬಿಗೆ ಹೋಗಬೇಕು. ಈ ಹದವನ್ನು ಹಿಡಿದವರು ಗೆದ್ದರು. 1978ರಲ್ಲಿ ಜಪಾನಿನ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ಅವರು ರೂಪಿಸಿದ ಸ್ಪೇಸ್ ಇನ್ವೇಡರ್ಸ್ ಆಟದಲ್ಲಿ ಶತ್ರುಗಳ ಸಂಖ್ಯೆ ಕಡಿಮೆಯಾದಂತೆ ಉಳಿದವುಗಳ ವೇಗ ಹೆಚ್ಚುತ್ತದೆ. ಇದು ಮೊದಲು ಯೋಚಿಸಿ ಇಟ್ಟದ್ದಲ್ಲ. ಆ ಕಾಲದ ಕಂಪ್ಯೂಟರ್ ಚಿಪ್ಪಿಗೆ ಪರದೆಯ ಮೇಲೆ ಕಡಿಮೆ ಚಿತ್ರಗಳನ್ನು ಬಿಡಿಸುವುದಿದ್ದಾಗ ಕೆಲಸ ಬೇಗ ಮುಗಿಯುತ್ತಿತ್ತು, ಅದರಿಂದಾಗಿ ಚಲನೆಯೂ ವೇಗವಾಗುತ್ತಿತ್ತು. ನಿಶಿಕಾಡೊ ಅದನ್ನು ತಿದ್ದದೆ ಹಾಗೆಯೇ ಬಿಟ್ಟರು. ಕೊನೆಯ ಒಂದು ಶತ್ರು ಓಡಾಡುವಾಗ ಎದೆ ಹೊಡೆದುಕೊಳ್ಳುವ ಆ ಅನುಭವ ಯಂತ್ರದ ಮಿತಿಯಿಂದಲೇ ಹುಟ್ಟಿದ್ದು.

ಈ ಲೆಕ್ಕ ಎಲ್ಲಿಯವರೆಗೆ ನಡೆಯುತ್ತದೆ ಎಂದರೆ, ಅಂಗಡಿಯಲ್ಲಿರುವ ಯಂತ್ರ ಮನೆಯಲ್ಲಿರುವುದಕ್ಕಿಂತ ಎಷ್ಟೋ ಮೇಲಿನದ್ದಾಗಿರುವವರೆಗೆ. ಸುಮಾರು ಇಪ್ಪತ್ತು ವರ್ಷ ಅದು ಹಾಗೆಯೇ ಇತ್ತು. ಕ್ಯಾಪ್‌ಕಾಮ್ ಕಂಪನಿಯ ಸ್ಟ್ರೀಟ್ ಫೈಟರ್ 2 ಆಟ 1991ರಲ್ಲಿ ಬಂದಾಗ ಸೊರಗುತ್ತಿದ್ದ ಅಂಗಡಿಗಳಿಗೆ ಮತ್ತೆ ಜೀವ ಬಂತು. ಆದರೆ ಮರುವರ್ಷವೇ, ಟೀವಿಗೆ ಜೋಡಿಸಿ ಆಡುವ ಅದರ ಮನೆಯ ಆವೃತ್ತಿಯೂ ಬಂತು. 1994ರ ಕೊನೆಯಲ್ಲಿ ನಾಮ್ಕೊ ಕಂಪನಿ ಟೆಕ್ಕೆನ್ ಆಟವನ್ನು ಅಂಗಡಿಗಳಿಗೆ ತಂದಾಗ ಅದರ ಬೋರ್ಡು, ಅಂದರೆ ಯಂತ್ರದೊಳಗೆ ಆಟವನ್ನು ನಡೆಸುವ ಸರ್ಕ್ಯೂಟ್ ಹಲಗೆ, ಮನೆಯಲ್ಲಿ ಆಡುವ ಯಂತ್ರವಾದ ಸೋನಿಯವರ ಪ್ಲೇಸ್ಟೇಷನ್‌ನ ತಂತ್ರಜ್ಞಾನವನ್ನೇ ಆಧರಿಸಿತ್ತು. 1999ಕ್ಕೆ ಬಂದರೆ, ಸೋಲ್ ಕ್ಯಾಲಿಬರ್ ಆಟದ ಮನೆಯ ಆವೃತ್ತಿ ಅಂಗಡಿಯ ಆವೃತ್ತಿಗಿಂತ ಚೆಂದವಾಗಿ ಕಾಣುತ್ತಿತ್ತು. ಮನೆಯಲ್ಲಿ ಸಿಗುವುದಕ್ಕಿಂತ ಕಡಿಮೆಯದನ್ನು ನೋಡಲು ಯಾರೂ ಹಣ ಕೊಟ್ಟು ಹೊರಗೆ ಬರುವುದಿಲ್ಲ.

ಆದರೆ ಶಿವಮೊಗ್ಗದಲ್ಲಿ ಆಗ ಪ್ಲೇಸ್ಟೇಷನ್ ಇದ್ದ ಮನೆಗಳನ್ನು ಬೆರಳೆಣಿಕೆಯಲ್ಲಿ ಹೇಳಬಹುದಾಗಿತ್ತು ಎಂದು ನೀವು ಕೇಳಬಹುದು, ಆ ಮಾತು ಸರಿ. ನಮ್ಮಲ್ಲಿ ಪೆಟ್ಟು ಬೇರೆ ದಿಕ್ಕಿನಿಂದ ಬಂತು. ಟೀವಿ ಗೇಮ್ ಎಂದು ನಾವು ಕರೆಯುತ್ತಿದ್ದ, ನಿಂಟೆಂಡೊ ಯಂತ್ರದ ಅಗ್ಗದ ನಕಲುಗಳು ಮೊದಲು ಮನೆಗಳಿಗೆ ಬಂದವು. ಆಮೇಲೆ ಸೈಬರ್ ಕೆಫೆಗಳು ಬಂದವು. ಅಲ್ಲಿ ನಿಮಿಷದ ಲೆಕ್ಕವಿರಲಿಲ್ಲ, ಗಂಟೆಯ ಲೆಕ್ಕವಿತ್ತು. ಹತ್ತು ಸಲ ಸೋತರೂ ಅದೇ ಹಣದಲ್ಲಿ ಆಡುತ್ತಿರಬಹುದು ಎಂದಾದ ಮೇಲೆ ನಾಣ್ಯದ ಬದಲು ಯಂತ್ರಕ್ಕೆ ಹಾಕುವ ಟೋಕನ್ ಕೊಂಡು ಎರಡು ನಿಮಿಷದಲ್ಲಿ ಸೋಲುವ ಹುಡುಗರು ಎಲ್ಲಿಂದ ಬರಬೇಕು? ಇನ್ನೊಂದು ಕಾರಣವೂ ಇದೆ, ಅದನ್ನು ಜನ ಹೆಚ್ಚಾಗಿ ಗಮನಿಸುವುದಿಲ್ಲ. ನಮ್ಮ ಅಂಗಡಿಗಳಲ್ಲಿದ್ದ ಬೋರ್ಡುಗಳಲ್ಲಿ ಬಹುಪಾಲು ನಕಲು ಬೋರ್ಡುಗಳು. ಮೂರು ಆಯಾಮದ ಆಟಗಳ ಕಾಲ ಬಂದ ಮೇಲೆ ಅಂಥ ಬೋರ್ಡುಗಳನ್ನು ಅಗ್ಗವಾಗಿ ನಕಲು ಮಾಡುವುದು ಸುಲಭವಾಗಿರಲಿಲ್ಲ, ಅಸಲಿಯನ್ನು ತರಿಸುವ ಶಕ್ತಿ ಬಸ್ ನಿಲ್ದಾಣದ ಪಕ್ಕದ ಅಂಗಡಿಗೆ ಇರಲಿಲ್ಲ. ಆದ್ದರಿಂದ ಅಂಗಡಿಯಲ್ಲಿ ಹೊಸ ಆಟ ಬರುವುದೇ ನಿಂತಿತು. ಹಳೆಯ ಆಟಗಳಲ್ಲಿ ಹುಡುಗರು ಪಳಗಿಬಿಟ್ಟರು. ಪಳಗಿದ ಹುಡುಗ ಒಂದು ರೂಪಾಯಿಯ ಟೋಕನ್‌ನಲ್ಲಿ ಮುಕ್ಕಾಲು ಗಂಟೆ ಯಂತ್ರ ಬಿಟ್ಟುಕೊಡದೆ ಆಡುತ್ತಾನೆ. ಹಿಂದೆ ನಿಂತವರಿಗೆ ಅವನು ವೀರ, ಅಂಗಡಿಯವನಿಗೆ ನಷ್ಟ. ಬೋರ್ಡಿನ ಮೇಲಿರುವ ಪುಟ್ಟ ಸ್ವಿಚ್ಚುಗಳನ್ನು ಬದಲಿಸಿ ಆಟವನ್ನು ಕಠಿಣ ಮಾಡುವ, ಆಟ ಮುಗಿಯುವ ಮುನ್ನ ಸಿಗುವ ಮೂರು ಅವಕಾಶಗಳನ್ನು, ಅಂದರೆ ಮೂರು ಲೈಫ್ ಇದ್ದದ್ದನ್ನು, ಎರಡಕ್ಕೆ ಇಳಿಸುವ ಉಪಾಯ ಎಲ್ಲ ಅಂಗಡಿಯವರಿಗೂ ಗೊತ್ತಿತ್ತು. ಹಾಗೆ ಮಾಡಿದರೆ ಹೊಸ ಹುಡುಗರು ಎರಡನೆಯ ದಿನ ಬರುತ್ತಿರಲಿಲ್ಲ.

ಪ್ರಶ್ನೆ: ಆಟಗಳನ್ನು ತಯಾರಿಸುವ ದೇಶವೇ ಜಪಾನ್. ಅಲ್ಲಿಯೂ ಈ ಕೇಂದ್ರಗಳು ಮುಚ್ಚುತ್ತಿವೆ ಎಂದರೆ ನಂಬಲು ಕಷ್ಟವಾಗುತ್ತದೆ. ಕೊರೊನಾ ಕಾರಣವೆ? — ಓದುಗರು, ಹುಬ್ಬಳ್ಳಿ

ಉತ್ತರ: ಕೊರೊನಾ ಕೊನೆಯ ಪೆಟ್ಟು, ಮೊದಲಿನದ್ದಲ್ಲ. ಜಪಾನಿನಲ್ಲಿ 1986ರಲ್ಲಿ 26 ಸಾವಿರಕ್ಕೂ ಹೆಚ್ಚು ಗೇಮ್ ಸೆಂಟರ್‌ಗಳಿದ್ದವು. 2019ರ ಹೊತ್ತಿಗೆ, ಅಂದರೆ ಕೊರೊನಾ ಬರುವ ಮೊದಲೇ, ಸುಮಾರು 4 ಸಾವಿರ ಉಳಿದಿದ್ದವು. ಇದರ ಹಿಂದೆ ಇರುವುದೂ ನಾಣ್ಯದ ಲೆಕ್ಕವೇ, ಮತ್ತು ಅದು ಜಪಾನಿನಲ್ಲಿ ಇನ್ನೂ ಕ್ರೂರವಾದ ರೂಪದಲ್ಲಿ ಕಾಣುತ್ತದೆ.

ಅಲ್ಲಿನ ಯಂತ್ರಗಳು ನುಂಗುವುದು 100 ಯೆನ್ ನಾಣ್ಯವನ್ನು. ಒಂದು ಆಟಕ್ಕೆ 100 ಯೆನ್ ಎಂಬುದು ಸ್ಪೇಸ್ ಇನ್ವೇಡರ್ಸ್ ಕಾಲದಿಂದ ಜನರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಹೋಟೆಲಿನವರು ಕಾಫಿಯ ಬೆಲೆಯನ್ನು ಎರಡು ರೂಪಾಯಿ ಏರಿಸಬಹುದು. ಗೇಮ್ ಸೆಂಟರಿನವರು 100 ಯೆನ್ ಅನ್ನು 103 ಮಾಡಲಾರರು, ಏಕೆಂದರೆ ಯಂತ್ರದ ಸೀಳಿನಲ್ಲಿ ಮೂರು ಯೆನ್‌ಗೆ ಜಾಗವಿಲ್ಲ. ಏರಿಸಿದರೆ ನೇರವಾಗಿ ಎರಡು ನಾಣ್ಯ, ಅಂದರೆ ಬೆಲೆ ಇಮ್ಮಡಿ. 1989ರಲ್ಲಿ ಜಪಾನ್ ಸರ್ಕಾರ ಶೇಕಡಾ 3ರ ಬಳಕೆ ತೆರಿಗೆಯನ್ನು ತಂದಿತು. ಅದು 1997ರಲ್ಲಿ 5 ಆಯಿತು, 2014ರಲ್ಲಿ 8 ಆಯಿತು, 2019ರಲ್ಲಿ 10 ಆಯಿತು. ಪ್ರತಿ ಸಲವೂ ಬೇರೆ ವ್ಯಾಪಾರಿಗಳು ತೆರಿಗೆಯನ್ನು ಗ್ರಾಹಕರಿಗೆ ದಾಟಿಸಿದರು, ಇವರು ಮಾತ್ರ ತಮ್ಮ ಜೇಬಿನಿಂದ ಕಟ್ಟಿದರು. ಇವತ್ತು ಪೆಟ್ಟಿಗೆಗೆ ಬೀಳುವ ಪ್ರತಿ 100 ಯೆನ್‌ನಲ್ಲಿ ಸುಮಾರು 9 ಯೆನ್ ತೆರಿಗೆಗೇ ಹೋಗುತ್ತದೆ. ಇಂಟರ್‌ನೆಟ್ಟಿಗೆ ಜೋಡಿಸಿದ ಹೊಸ ಯಂತ್ರಗಳು ಬಂದ ಮೇಲೆ ಆಡಿದ ಪ್ರತಿ ಆಟಕ್ಕೂ ತಯಾರಕ ಕಂಪನಿಗೆ ಪಾಲು ಕೊಡುವ ಪದ್ಧತಿಯೂ ಸೇರಿಕೊಂಡಿತು. ಬಾಡಿಗೆ, ವಿದ್ಯುತ್ತು, ಸಂಬಳ ಎಲ್ಲ ಉಳಿದದ್ದರಲ್ಲಿ. ಅಮೆರಿಕದಲ್ಲಿಯೂ ಇದೇ ಕಥೆ ಕಾಲು ಡಾಲರಿನ ನಾಣ್ಯದ ಸುತ್ತ ನಡೆಯಿತು: 1981ರಿಂದ ಈಚೆಗೆ ಅಲ್ಲಿ ಸಾಮಾನ್ಯ ಬೆಲೆಗಳು ಮೂರು ಪಟ್ಟಿಗೂ ಹೆಚ್ಚಾದವು, ಆದರೆ ಪ್ಯಾಕ್‌ಮ್ಯಾನ್ ಯಂತ್ರಕ್ಕೆ ಮೂರು ನಾಣ್ಯ ಹಾಕಲು ಯಾರೂ ಒಪ್ಪಲಿಲ್ಲ.

ಉಳಿದುಕೊಂಡಿರುವ ಜಪಾನೀ ಕೇಂದ್ರಗಳೊಳಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ವಿಡಿಯೋ ಗೇಮ್ ಅಲ್ಲ, ಕಬ್ಬಿಣದ ಕೊಂಡಿಯಿಂದ ಗೊಂಬೆಯನ್ನು ಎತ್ತುವ ಯಂತ್ರಗಳ ಸಾಲು. ಸೇಗಾ ಕಂಪನಿ 1985ರಲ್ಲಿ ಯುಎಫ್ಒ ಕ್ಯಾಚರ್ ಎಂಬ ಹೆಸರಿನಲ್ಲಿ ತಂದ ಈ ಬಗೆಯ ಯಂತ್ರಗಳಿಂದಲೇ ಇಂದು ಕೇಂದ್ರಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಭಾಗ ಬರುತ್ತದೆ. ಕಾರಣ ಸರಳವಾದದ್ದು: ಅದೇ 100 ಯೆನ್‌ಗೆ ಇಲ್ಲಿ ಆಟ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ನಾಣ್ಯದ ಬೆಲೆಯನ್ನು ಏರಿಸಲಾಗದವರು ನಾಣ್ಯಕ್ಕೆ ಸಿಗುವ ಹೊತ್ತನ್ನು ಇಳಿಸಿದರು.

ಸೇಗಾದ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಅಮೆರಿಕನ್ ಸೈನಿಕ ನೆಲೆಗಳಿಗೆ ನಾಣ್ಯದ ಯಂತ್ರಗಳನ್ನು ಒದಗಿಸುತ್ತಿದ್ದ ಸರ್ವಿಸ್ ಗೇಮ್ಸ್ ಎಂಬ ಸಂಸ್ಥೆಯ ಹೆಸರಿನಿಂದಲೇ ಸೇಗಾ ಎಂಬ ಹೆಸರು ಹುಟ್ಟಿದ್ದು. ನಾಣ್ಯದಿಂದಲೇ ಹುಟ್ಟಿದ ಆ ಕಂಪನಿಯ, ಟೋಕಿಯೊದ ಅಕಿಹಬಾರಾ ಬಡಾವಣೆಯ ಎರಡನೆಯ ಕಟ್ಟಡದ ಕೇಂದ್ರ 2020ರ ಆಗಸ್ಟ್ 30ರಂದು ಮುಚ್ಚಿತು. ಅದೇ ವರ್ಷದ ಕೊನೆಯಲ್ಲಿ ತನ್ನ ಕೇಂದ್ರಗಳ ವ್ಯವಹಾರದ ಶೇಕಡಾ 85ರಷ್ಟು ಪಾಲನ್ನು ಜೆಂಡಾ ಎಂಬ ಕಂಪನಿಗೆ ಮಾರಿತು, 2022ರಲ್ಲಿ ಉಳಿದದ್ದನ್ನೂ ಕೊಟ್ಟಿತು. ಫಲಕಗಳ ಮೇಲಿನ ಸೇಗಾ ಎಂಬ ಅಕ್ಷರಗಳು ಇಳಿದು ಗಿಗೊ ಎಂಬ ಹೆಸರು ಏರಿತು. ಎಲ್ಲವೂ ಮುಗಿದಿಲ್ಲ ಎಂಬುದನ್ನೂ ಹೇಳಬೇಕು. ಟೋಕಿಯೊದ ತಕಾದನೊಬಾಬಾ ಬಡಾವಣೆಯ ಮಿಕಾಡೊ ಎಂಬ ಕೇಂದ್ರ ಹಳೆಯ ಆಟಗಳ ಪಂದ್ಯಗಳನ್ನು ನಡೆಸುತ್ತ, ಅವನ್ನು ಇಂಟರ್‌ನೆಟ್ಟಿನಲ್ಲಿ ನೇರವಾಗಿ ತೋರಿಸುತ್ತ, 2020ರ ಸಂಕಷ್ಟದಲ್ಲಿ ಅಭಿಮಾನಿಗಳಿಂದಲೇ ದೇಣಿಗೆ ಸಂಗ್ರಹಿಸಿ ಉಳಿದುಕೊಂಡಿತು.

ಪ್ರಶ್ನೆ: ನಮ್ಮ ತಂದೆ ವಿಡಿಯೋ ಗೇಮ್ ಅಂಗಡಿಯನ್ನು ಜೂಜಿನ ಅಡ್ಡೆ ಎಂದೇ ಕರೆಯುತ್ತಿದ್ದರು. ಪೊಲೀಸರ ಕಾಟದಿಂದಲೇ ಅಂಗಡಿಗಳು ಮುಚ್ಚಿದವು ಎಂದು ಕೆಲವರು ಹೇಳುತ್ತಾರೆ. ನಿಜವೆ? — ಶಿಕ್ಷಕರೊಬ್ಬರು, ಮೈಸೂರು

ಉತ್ತರ: ನಿಮ್ಮ ತಂದೆಯವರ ಮಾತನ್ನು ತಳ್ಳಿಹಾಕಲಾಗದು. ನಾಣ್ಯ ಹಾಕಿ ಆಡುವ ಯಂತ್ರವನ್ನು ಕಂಡಲ್ಲೆಲ್ಲ ಸರ್ಕಾರಗಳಿಗೆ ಜೂಜಿನ ಅನುಮಾನ ಬಂದಿದೆ. ನ್ಯೂಯಾರ್ಕ್ ನಗರ 1942ರಲ್ಲಿ, ಚೆಂಡನ್ನು ಚಿಮ್ಮಿಸಿ ಆಡುವ ಪಿನ್‌ಬಾಲ್ ಯಂತ್ರಗಳನ್ನು ನಿಷೇಧಿಸಿತು; ಪೊಲೀಸರು ಅವನ್ನು ಸುತ್ತಿಗೆಯಿಂದ ಒಡೆದು ಹಾಕಿದರು. ಆ ನಿಷೇಧ ಹೋದದ್ದು 1976ರಲ್ಲಿ. ರಾಜರ್ ಶಾರ್ಪ್ ಎಂಬ ಆಟಗಾರ ನಗರಸಭೆಯ ಸದಸ್ಯರ ಎದುರಿಗೇ ಯಂತ್ರವನ್ನು ಆಡಿ, ಚೆಂಡು ಯಾವ ಓಣಿಯಲ್ಲಿ ಇಳಿಯುತ್ತದೆ ಎಂದು ಮೊದಲೇ ಹೇಳಿ, ಅಲ್ಲಿಯೇ ಇಳಿಸಿ ತೋರಿಸಿದ. ಇದು ಅದೃಷ್ಟವಲ್ಲ, ಕೈಚಳಕ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಾಗಲಿಲ್ಲ. ಜಪಾನಿನಲ್ಲಿ ತಿದ್ದುಪಡಿಯಾದ ಕಾನೂನು 1985ರಲ್ಲಿ ಜಾರಿಗೆ ಬಂದು ಗೇಮ್ ಸೆಂಟರ್‌ಗಳು ಪರವಾನಗಿ ಪಡೆಯಬೇಕು, ಸಾಮಾನ್ಯವಾಗಿ ಮಧ್ಯರಾತ್ರಿಗೆ ಮುಚ್ಚಬೇಕು ಎಂದಾಯಿತು.

ನಮ್ಮ ರಾಜ್ಯದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಬೆಂಗಳೂರಿನಲ್ಲಿ ವಿಡಿಯೋ ಗೇಮ್ ನಡೆಸುವವರು ಪೊಲೀಸ್ ಆಯುಕ್ತರಿಂದ ಪರವಾನಗಿ ಪಡೆಯಬೇಕು ಎಂಬ ಆದೇಶವನ್ನು ಅಂಗಡಿಯವರು ಪ್ರಶ್ನಿಸಿದರು. 1995ರಲ್ಲಿ ಸುಪ್ರೀಂ ಕೋರ್ಟು ಆ ಅಧಿಕಾರವನ್ನು ಎತ್ತಿಹಿಡಿಯಿತು. ಯಂತ್ರದ ಒಳಗನ್ನು ತಿರುಚಿ ಆಡುವವನ ಗೆಲುವನ್ನು ಮಾಲೀಕನೇ ನಿಯಂತ್ರಿಸಬಹುದು ಎಂಬ ಆತಂಕ ಆ ತೀರ್ಪಿನ ಹಿಂದೆ ಇತ್ತು. ಆತಂಕ ಸುಳ್ಳಲ್ಲ, ಏಕೆಂದರೆ ಹಣ ಗೆಲ್ಲುವ ಆಸೆ ತೋರಿಸುವ ಇಸ್ಪೀಟಿನ ಯಂತ್ರಗಳನ್ನೂ ಕೆಲವರು ವಿಡಿಯೋ ಗೇಮ್ ಎಂಬ ಹೆಸರಿನಲ್ಲೇ ಇಡುತ್ತಿದ್ದರು. ನನಗೆ ನೋವಾಗುವುದು ಆ ಎರಡನ್ನು ಒಂದೇ ತಕ್ಕಡಿಯಲ್ಲಿ ಹಾಕಿದ್ದಕ್ಕೆ. ಹುಡುಗರು ಆಡುತ್ತಿದ್ದ ಯಂತ್ರ ಯಾರಿಗೂ ಒಂದು ಪೈಸೆಯನ್ನೂ ಹಿಂದಿರುಗಿಸುತ್ತಿರಲಿಲ್ಲ. ಗೆದ್ದವನಿಗೆ ಸಿಗುತ್ತಿದ್ದದ್ದು ಇನ್ನಷ್ಟು ಹೊತ್ತು ಆಡುವ ಹಕ್ಕು ಮಾತ್ರ. ಆದರೂ, ಅಂಗಡಿಗಳು ಮುಚ್ಚಿದ್ದು ಪೊಲೀಸರಿಂದ ಎಂದು ನಾನು ಹೇಳಲಾರೆ. ಪರವಾನಗಿ ಇದ್ದವರೂ ಮುಚ್ಚಿದರು.

ಪ್ರಶ್ನೆ: ನಾವು ಒಂದು ಆಟವನ್ನು ಮುಸ್ತಫಾ ಎಂದು ಕರೆಯುತ್ತಿದ್ದೆವು. ಅದರ ನಿಜವಾದ ಹೆಸರೇನು? — ಓದುಗರು, ಮಂಗಳೂರು

ಉತ್ತರ: ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್. ಕ್ಯಾಪ್‌ಕಾಮ್ ಕಂಪನಿಯವರು 1993ರಲ್ಲಿ ತಂದದ್ದು, ಮೂವರು ಒಟ್ಟಿಗೆ ಆಡಬಹುದಾಗಿತ್ತು. ಆಯ್ಕೆಗೆ ಇದ್ದ ನಾಲ್ವರಲ್ಲಿ ಒಬ್ಬನ ಹೆಸರು ಮುಸ್ತಫಾ ಕೈರೊ. ಭಾರತದ ಉದ್ದಗಲಕ್ಕೂ ಹುಡುಗರು ತಮಗೆ ಪರಿಚಿತವಾಗಿ ಕೇಳಿಸಿದ ಆ ಹೆಸರನ್ನೇ ಇಡೀ ಆಟಕ್ಕೆ ಇಟ್ಟುಬಿಟ್ಟರು. ಅಂಗಡಿಯಲ್ಲಿ ಯಾರೂ ಯಂತ್ರದ ಮೇಲಿನ ಹೆಸರುಫಲಕ ಓದಿ ಹೆಸರು ಕಲಿಯುತ್ತಿರಲಿಲ್ಲ. ಮುಂದೆ ಆಡುತ್ತಿದ್ದವನ ಬಾಯಿಂದ ಹಿಂದೆ ನಿಂತವನ ಕಿವಿಗೆ ಹೆಸರು ಬರುತ್ತಿತ್ತು.

ಪ್ರಶ್ನೆ: ನನ್ನ ಅಣ್ಣ ಈ ಅಂಗಡಿಗಳ ಬಗ್ಗೆ ಮಾತನಾಡಲು ಶುರುಮಾಡಿದರೆ ನಿಲ್ಲಿಸುವುದಿಲ್ಲ. ನನಗೆ ನೆನಪಿರುವುದು, ಅವನನ್ನು ಊಟಕ್ಕೆ ಕರೆಯಲು ಹೋಗಿ ಹೊರಗಿನ ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದದ್ದು. ಒಳಗೆ ಹೇಗಿತ್ತು ಎಂಬುದೇ ನನಗೆ ಗೊತ್ತಿಲ್ಲ. ಮೇಲಾಗಿ ಆ ಆಟಗಳೆಲ್ಲ ಈಗ ಫೋನಿನಲ್ಲೇ ಸಿಗುತ್ತವೆ. ಹಾಗಾದರೆ ಇವರೆಲ್ಲ ನೆನೆದು ಹಂಬಲಿಸುವುದು ತಮ್ಮ ಯೌವನವನ್ನೇ ಅಲ್ಲವೆ? — ಓದುಗ ಮಹಿಳೆ, ಚಿಕ್ಕಮಗಳೂರು

ಉತ್ತರ: ಬಂದ ಪತ್ರಗಳಲ್ಲಿ ನಾನು ಹೆಚ್ಚು ಸಲ ಓದಿದ್ದು ನಿಮ್ಮದನ್ನು. ನೀವು ಹೊರಗೆ ನಿಂತಿದ್ದಿರಿ ಎಂಬುದು ನಿಜ, ಮತ್ತು ಆ ಕಾಲದಲ್ಲಿ ಒಳಗಿದ್ದ ನಮ್ಮಲ್ಲಿ ಯಾರಿಗೂ ಅದು ತಪ್ಪೆಂದು ಹೊಳೆದಿರಲಿಲ್ಲ. ಈ ಹಂಬಲದ ಮಾತುಗಳೆಲ್ಲ ಗಂಡುಹುಡುಗರದ್ದೇ ಆಗಿರುವುದು ಆಕಸ್ಮಿಕವಲ್ಲ. ಬೇರೆ ದೇಶಗಳಲ್ಲಿ ಈ ಕೊರತೆಯನ್ನು ಕಂಡವರು ಇದ್ದರು. 1980ರಲ್ಲಿ ಪ್ಯಾಕ್‌ಮ್ಯಾನ್ ರೂಪಿಸಿದ ತೊರು ಇವಾತಾನಿ ಅವರು, ಗಂಡಸರೇ ತುಂಬಿದ್ದ ಗೇಮ್ ಸೆಂಟರಿಗೆ ಹೆಂಗಸರೂ ಜೋಡಿಗಳೂ ಬರುವಂತಾಗಬೇಕು ಎಂದು ಯೋಚಿಸಿಯೇ ಕೊಲ್ಲುವ ಆಟದ ಬದಲು ತಿನ್ನುವ ಆಟವನ್ನು ಮಾಡಿದ್ದಾಗಿ ಹೇಳಿದ್ದಾರೆ. 1995ರಲ್ಲಿ ಜಪಾನಿನಲ್ಲಿ ಬಂದ, ಗೆಳತಿಯರು ಒಟ್ಟಿಗೆ ನಿಂತು ಫೋಟೊ ತೆಗೆಸಿಕೊಂಡು ಅಂಟುಚೀಟಿಯಾಗಿ ಹಂಚಿಕೊಳ್ಳುವ ಯಂತ್ರಗಳು ಶಾಲೆಯ ಹುಡುಗಿಯರನ್ನು ಗುಂಪುಗುಂಪಾಗಿ ಒಳಗೆ ಕರೆತಂದವು. ನಮ್ಮ ಓಣಿಯ ಅಂಗಡಿಗೆ ಅಂಥದ್ದೇನೂ ಬರಲಿಲ್ಲ. ಅಲ್ಲಿ ನಿಮಗೂ ಒಂದು ಜಾಗ ಇರಬೇಕಾಗಿತ್ತು.

ಒಳಗೆ ಹೇಗಿತ್ತು ಎಂದು ಹೇಳುತ್ತೇನೆ. ನಾನು ಹೋಗುತ್ತಿದ್ದ ಅಂಗಡಿಯಲ್ಲಿ ಐದು ಯಂತ್ರಗಳಿದ್ದವು, ಕಿಟಕಿ ಇರಲಿಲ್ಲ, ಬಾಗಿಲಿಗೆ ದಪ್ಪ ಪರದೆ ಇತ್ತು. ನನ್ನ ಬಳಿ ದಿನಕ್ಕೆ ಒಂದು ಟೋಕನ್‌ಗೆ ಮಾತ್ರ ಹಣವಿರುತ್ತಿತ್ತು. ಒಂದು ಟೋಕನ್ನಿನ ಆಟ ಮುಗಿದ ಮೇಲೂ ನಾನು ಒಂದೂವರೆ ಗಂಟೆ ಅಲ್ಲೇ ಇರುತ್ತಿದ್ದೆ. ಆಡುವವನ ಹಿಂದೆ ನಿಲ್ಲುವುದಕ್ಕೆ ಹಣ ಬೇಕಾಗಿರಲಿಲ್ಲ. ಯಾವ ಬಾಸ್, ಅಂದರೆ ಹಂತದ ಕೊನೆಯ ದೊಡ್ಡ ಶತ್ರು, ಯಾವ ಕಡೆಯಿಂದ ಬರುತ್ತಾನೆ, ಎಲ್ಲಿ ಲೈಫ್ ಸಿಗುತ್ತದೆ, ಜಾಯ್‌ಸ್ಟಿಕ್ಕನ್ನು ಕೆಳಗಿನಿಂದ ಮುಂದಕ್ಕೆ ತಿರುಗಿಸಿ ಯಾವ ಬಟನ್ ಒತ್ತಬೇಕು ಎಂಬುದನ್ನೆಲ್ಲ ಕಲಿತದ್ದು ಹೆಸರು ಗೊತ್ತಿಲ್ಲದ ಹುಡುಗರ ಭುಜದ ಮೇಲಿಂದ ಇಣುಕಿ ನೋಡಿ. ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ, ಕೈಗೆ ಗ್ರೀಸ್ ಮೆತ್ತಿದ್ದ ಒಬ್ಬ ಹುಡುಗ ಮತ್ತು ಊರಿನ ದೊಡ್ಡ ಬಟ್ಟೆ ಅಂಗಡಿಯವರ ಮಗ ಒಂದೇ ಯಂತ್ರದ ಎರಡು ಜಾಯ್‌ಸ್ಟಿಕ್ ಹಿಡಿದು ಪಕ್ಕಪಕ್ಕ ನಿಲ್ಲುತ್ತಿದ್ದರು. ಊರಿನಲ್ಲಿ ಅವರಿಬ್ಬರು ಹಾಗೆ ಭುಜಕ್ಕೆ ಭುಜ ತಾಗಿಸಿ ನಿಲ್ಲಬಹುದಾಗಿದ್ದ ಬೇರೆ ಜಾಗವನ್ನು ನಾನು ನೋಡಿರಲಿಲ್ಲ. ಸೋತವನು ಜಾಗ ಬಿಟ್ಟು ಕದಲಬೇಕು ಎಂಬ ನಿಯಮಕ್ಕೆ ಯಾರ ಮಗನೂ ಹೊರತಾಗಿರಲಿಲ್ಲ. ಅಮೆರಿಕದ ಅಂಗಡಿಗಳಲ್ಲಿ ಮುಂದಿನ ಸರದಿ ತನ್ನದೆಂದು ತಿಳಿಸಲು ನಾಣ್ಯವನ್ನು ಪರದೆಯ ಕೆಳಗಿನ ಅಂಚಿನಲ್ಲಿ ಇಟ್ಟು ಕಾಯುತ್ತಿದ್ದರಂತೆ, ಯಾರೂ ಅದನ್ನು ಮುಟ್ಟುತ್ತಿರಲಿಲ್ಲವಂತೆ. ಗೆದ್ದವನು ಮೂರು ಅಕ್ಷರಗಳಲ್ಲಿ ಹೆಸರು ಬರೆದು ಹೋಗುವ ಪದ್ಧತಿಯೂ ಇತ್ತು. ಹಲವು ಯಂತ್ರಗಳಲ್ಲಿ ರಾತ್ರಿ ಕರೆಂಟು ತೆಗೆದರೆ ಆ ಪಟ್ಟಿ ಅಳಿಸಿಹೋಗುತ್ತಿತ್ತು, ಮರುದಿನ ಬೆಳಗ್ಗೆ ಮತ್ತೆ ಮೊದಲಿನಿಂದ ಗೆಲ್ಲಬೇಕಾಗಿತ್ತು.

ಹೌದು, ನಿಮ್ಮ ಅಣ್ಣನ ಹಂಬಲದಲ್ಲಿ ಯೌವನದ ಪಾಲು ಇದ್ದೇ ಇದೆ. ಆದರೆ ಫೋನಿನಲ್ಲಿ ಸಿಗುವುದು ಆಟ ಮಾತ್ರ. ಈಗಲೂ ಮಕ್ಕಳು ಯೂಟ್ಯೂಬಿನಲ್ಲಿ ಇತರರು ಆಡುವುದನ್ನು ಗಂಟೆಗಟ್ಟಲೆ ನೋಡುತ್ತಾರೆ, ನೋಡುವ ಆಸೆ ಎಲ್ಲಿಯೂ ಹೋಗಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಹೋಗಿರುವುದು, ನೋಡುತ್ತಿದ್ದವನು ಮರುಕ್ಷಣ ಆಡುವವನಾಗಿ ಅದೇ ಜಾಗದಲ್ಲಿ ನಿಲ್ಲುವ ಅವಕಾಶ, ಮತ್ತು ಆಡಿ ಮುಗಿಸಿದವನು ಬೆವರೊರೆಸಿಕೊಂಡು ಅವನ ಹಿಂದೆ ನಿಂತು ಹೇಳಿಕೊಡುವ ರೂಢಿ. ಮಾಲ್‌ಗಳ ಗೇಮ್ ಝೋನ್‌ಗಳಲ್ಲಿ ಯಂತ್ರಗಳಿವೆ, ಬೆಳಕಿದೆ, ಹುಡುಗಿಯರೂ ಬರುತ್ತಾರೆ, ಅದು ಒಳ್ಳೆಯದೇ. ಆದರೆ ಅಲ್ಲಿ ಕಾರ್ಡಿಗೆ ಮೊದಲೇ ಹಣ ತುಂಬಿಸಬೇಕು, ಒಂದು ಟೋಕನ್ನಿನಷ್ಟೇ ಹಣವಿರುವ ಹುಡುಗ ಬಾಗಿಲಿನ ಒಳಕ್ಕೇ ಬರುವುದಿಲ್ಲ.

ಪ್ರಶ್ನೆ: ನಾವು ಬಾಸ್ಟನ್ ಹತ್ತಿರ ಇದ್ದೇವೆ. ಹತ್ತು ವರ್ಷದ ಮಗನಿಗೆ ಹಳೆಯ ಕಾಲದ ಅಂಗಡಿಯನ್ನು ತೋರಿಸಬೇಕು. ಎಲ್ಲಿಗೆ ಕರೆದುಕೊಂಡು ಹೋಗಲಿ? — ಕನ್ನಡಿಗರೊಬ್ಬರು, ಮ್ಯಾಸಚೂಸೆಟ್ಸ್

ಉತ್ತರ: ನಿಮಗೆ ಎರಡು ಗಂಟೆಯ ಹಾದಿಯಲ್ಲೇ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಲಕೋನಿಯಾ ಊರಿನಲ್ಲಿ ಫನ್‌ಸ್ಪಾಟ್ ಇದೆ. 1952ರಲ್ಲಿ ಆರಂಭವಾದ ಆ ಕೇಂದ್ರದೊಳಗೇ ಹಳೆಯ ಯಂತ್ರಗಳ ವಸ್ತುಸಂಗ್ರಹಾಲಯವಿದೆ, ಯಂತ್ರಗಳನ್ನು ಗಾಜಿನ ಹಿಂದೆ ಇಟ್ಟಿಲ್ಲ, ಆಡಬಹುದು. ಷಿಕಾಗೊ ಹತ್ತಿರದ ಗ್ಯಾಲಪಿಂಗ್ ಘೋಸ್ಟ್ ಎಂಬ ಕೇಂದ್ರದಲ್ಲಿ ಯಂತ್ರಗಳು ಇನ್ನೂ ಹೆಚ್ಚು. ಅಲ್ಲಿ ಪ್ರವೇಶ ಶುಲ್ಕ ಕೊಟ್ಟರೆ ಎಲ್ಲ ಯಂತ್ರಗಳೂ ನಾಣ್ಯವಿಲ್ಲದೆ ನಡೆಯುತ್ತವೆ. ನನ್ನ ಸಲಹೆ ಫನ್‌ಸ್ಪಾಟ್, ಏಕೆಂದರೆ ಅಲ್ಲಿ ಟೋಕನ್ ಇದೆ. ಮಗನ ಕೈಗೆ ಎಣಿಸಿ ಹತ್ತು ಟೋಕನ್ ಕೊಡಿ, ಹನ್ನೊಂದನೆಯದನ್ನು ಕೊಡಬೇಡಿ. ಒಂದೊಂದು ಲೈಫಿಗೂ ಅವನು ಕೊಡುವ ಗಮನ ಬೇರೆಯೇ ಆಗಿರುತ್ತದೆ.

ಪ್ರಶ್ನೆ: ನಮ್ಮ ಸೋದರಮಾವ ನಡೆಸುತ್ತಿದ್ದ ಅಂಗಡಿಯ ಒಂದು ಯಂತ್ರ ನಮ್ಮ ಗೋದಾಮಿನಲ್ಲಿ ಇಪ್ಪತ್ತು ವರ್ಷದಿಂದ ಬಿದ್ದಿದೆ. ಅದನ್ನು ಸರಿಮಾಡಿಸಬಹುದೆ? ಗುಜರಿಗೆ ಹಾಕಲು ಮನಸ್ಸು ಬರುತ್ತಿಲ್ಲ. — ಓದುಗರು, ಬೆಳಗಾವಿ

ಉತ್ತರ: ದಯವಿಟ್ಟು ಗುಜರಿಗೆ ಹಾಕಬೇಡಿ, ಮತ್ತು ಕುತೂಹಲಕ್ಕೆಂದು ಈಗಲೇ ಸ್ವಿಚ್ ಹಾಕಬೇಡಿ. ಹಳೆಯ ಪಿಕ್ಚರ್ ಟ್ಯೂಬು ಕರೆಂಟು ತೆಗೆದ ಮೇಲೂ ಸಾವಿರಾರು ವೋಲ್ಟಿನ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳಬಲ್ಲದು, ಆದ್ದರಿಂದ ಹಿಂಬದಿಯನ್ನು ನೀವೇ ಬಿಚ್ಚದೆ, ಡಬ್ಬಿ ಟೀವಿಗಳ ಕಾಲದಲ್ಲಿ ಕೆಲಸ ಮಾಡಿದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ ಕರೆಸಿ. ನಿಮ್ಮ ಬೆಳಗಾವಿಯಲ್ಲಿ ಅಂಥವರು ಇನ್ನೂ ಸಿಗುತ್ತಾರೆ. ಟ್ಯೂಬು ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ. ಎಲ್ಇಡಿ ಪರದೆ ಹಾಕಲು ಸಂಕೇತವನ್ನು ಬದಲಿಸುವ ಇನ್ನೊಂದು ಬೋರ್ಡು ಬೇಕಾಗುತ್ತದೆ, ಚಿತ್ರವೂ ಮೊದಲಿನಂತೆ ಕಾಣುವುದಿಲ್ಲ.

ಆಟದ ಬೋರ್ಡಿನ ಮೇಲೆ ನಡುವೆ ಸಣ್ಣ ಗಾಜಿನ ಕಿಟಕಿ ಇರುವ ಚಿಪ್ಪುಗಳು ಕಾಣುತ್ತವೆ. ಆಟ ಇರುವುದು ಅವುಗಳ ಒಳಗೆ. ಆ ಕಿಟಕಿಗೆ ಅಂಟಿಸಿದ್ದ ಚೀಟಿ ಉದುರಿದ್ದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳಿಂದ ಒಳಗಿನ ಮಾಹಿತಿ ನಿಧಾನವಾಗಿ ಅಳಿಯುತ್ತದೆ, ಆದ್ದರಿಂದ ಮೊದಲು ಅವನ್ನು ಬೆಳಕು ಹೋಗದ ಅಂಟುಪಟ್ಟಿಯಿಂದ ಮುಚ್ಚಿ. ಬೋರ್ಡಿನಲ್ಲಿ ಬ್ಯಾಟರಿ ಇದೆಯೇ ನೋಡಿ. ಕ್ಯಾಪ್‌ಕಾಮ್ ಕಂಪನಿಯ 1993ರ ನಂತರದ ಅಸಲಿ ಬೋರ್ಡುಗಳಲ್ಲಿ ಹಲವು, ನಕಲು ತಡೆಯಲು ಆಟಕ್ಕೆ ಹಾಕಿದ ಬೀಗದ ಕೈಯನ್ನು, ಅಂದರೆ ಗುಪ್ತಸಂಕೇತವನ್ನು, ಬ್ಯಾಟರಿಯ ಬಲದ ಮೇಲೆ ಇಟ್ಟುಕೊಂಡಿರುತ್ತಿದ್ದವು. ಬ್ಯಾಟರಿ ಸತ್ತರೆ ಆಟವೂ ಸಾಯುತ್ತಿತ್ತು. ನಿಮ್ಮದು ನಕಲು ಬೋರ್ಡು ಆಗಿದ್ದರೆ ಆ ಭಯವಿಲ್ಲ, ನಕಲು ಮಾಡಿದವರು ಆ ಬೀಗವನ್ನು ಮೊದಲೇ ಒಡೆದಿರುತ್ತಾರೆ. ಅಂಥ ಬೋರ್ಡುಗಳಲ್ಲಿ ಆಟವನ್ನು ಅಲ್ಲಲ್ಲಿ ಬದಲಿಸಿರುವುದೂ ಉಂಟು. ಇಟಲಿಯ ನಿಕೋಲಾ ಸಾಲ್ಮೊರಿಯಾ ಅವರು 1997ರಲ್ಲಿ ಆರಂಭಿಸಿದ ಮೇಮ್ ಯೋಜನೆಯವರು ಹಳೆಯ ಬೋರ್ಡುಗಳ ಚಿಪ್ಪುಗಳನ್ನು ಓದಿ ದಾಖಲಿಸುತ್ತಿದ್ದಾರೆ. ದುರಸ್ತಿಗೆ ಮೊದಲು ಬೋರ್ಡಿನ ಎರಡೂ ಬದಿಯ ಸ್ಪಷ್ಟ ಫೋಟೊ ತೆಗೆದಿಟ್ಟುಕೊಂಡರೆ, ಅದು ಈವರೆಗೆ ದಾಖಲಾಗದ ಬೋರ್ಡೇ ಎಂದು ತಿಳಿದವರನ್ನು ಕೇಳಬಹುದು.

ಇನ್ನೊಂದು ಕೆಲಸ. ಯಂತ್ರದ ಮುಂಬದಿಯ ಕೆಳಗೆ ಪುಟ್ಟ ಬಾಗಿಲಿರುತ್ತದೆ. ಕೀಲಿ ಸಿಗದಿದ್ದರೆ ಬೀಗದವರನ್ನು ಕರೆಸಿ ತೆಗೆಸಿ, ಒಡೆಯಬೇಡಿ. ಒಳಗಿನ ಡಬ್ಬಿಯಲ್ಲಿ ನಿಮ್ಮ ಸೋದರಮಾವನ ಅಂಗಡಿಯ ಟೋಕನ್‌ಗಳು ಉಳಿದಿರಬಹುದು. ಅಂಗಡಿ ಯಾವ ಬೀದಿಯಲ್ಲಿತ್ತು, ಯಾವ ವರ್ಷದಿಂದ ಯಾವ ವರ್ಷದವರೆಗೆ ನಡೆಯಿತು, ಒಂದು ಟೋಕನ್ನಿಗೆ ಎಷ್ಟು ಹಣ ತೆಗೆದುಕೊಳ್ಳುತ್ತಿದ್ದರು ಎಂಬುದನ್ನು ಅವರನ್ನು ಕೇಳಿ ಒಂದು ಕಾಗದದಲ್ಲಿ ಬರೆದು, ಎರಡು ಟೋಕನ್ನುಗಳ ಜೊತೆಗೆ ಆ ಬಾಗಿಲಿನ ಒಳಬದಿಗೆ ಅಂಟಿಸಿ ಇಡಿ.